ಸೂರು ಮುಚ್ಚಿಸುತ್ತಿದ್ದೇವೆ, ಅಲ್ಲಿರುವ ಹಳೇ ಪ್ಲಗ್ ಪಾಯಿಂಟ್‌ಗಳನ್ನು ಏನು ಮಾಡಬೇಕು?

ಸೂರಂಚು
ನಮ್ಮ ಮನೆಯ ಸೂರು ಕೆಳಗಿನಿಂದ ತೆರೆದೇ ಇದೆ. ನಿಂತು ಮೇಲೆ ನೋಡಿದರೆ ಪಕಾಸಿ, ರೀಪು, ಜೇಡರ ಬಲೆ ಎಲ್ಲ ಕಾಣುತ್ತವೆ. ಸುತ್ತಲೂ ಪಿವಿಸಿ ಪ್ಯಾನೆಲ್ ಹೊಡೆಸಿ ಮುಚ್ಚಿಸೋಣ ಅಂತ ಕೆಲಸ ಶುರು ಮಾಡಿದ್ದೇವೆ. ತೊಂದರೆ ಏನೆಂದರೆ, ಪಕಾಸಿಗಳ ಪಕ್ಕಕ್ಕೆ ಹೊಡೆದಿರುವ ನಾಲ್ಕು ಪ್ಲಗ್ ಪಾಯಿಂಟ್‌ಗಳಿವೆ. ಮುಂಚೆ ಇದ್ದವರು ಅಲಂಕಾರದ ದೀಪದ ಸರ ಹಾಕೋಕೆ ಮಾಡಿಸಿಕೊಂಡಿದ್ದಂತೆ. ನಾವು ಯಾವತ್ತೂ ಬಳಸಿಲ್ಲ. ಒಂದರಲ್ಲಂತೂ ಕರೆಂಟೇ ಬರುವುದಿಲ್ಲ.

ಪ್ಯಾನೆಲ್ ಕೂರುವ ಮಟ್ಟ ಈ ಬಾಕ್ಸ್‌ಗಳಿಗಿಂತ ಸುಮಾರು ಒಂದು ಗೇಣು ಕೆಳಗೆ ಬರುತ್ತದೆ. ಅಂದರೆ ನಾಲ್ಕೂ ಒಳಗೇ ಸೇರಿಕೊಳ್ಳುತ್ತವೆ. ಪ್ಯಾನೆಲ್ ಹೊಡೆಯುವವರು "ಹಾಗೇ ಮುಚ್ಚಿಬಿಡಿ, ಹೇಗೂ ಯಾರೂ ಬಳಸಲ್ಲ" ಅನ್ನುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಪೂರ್ತಿ ಕೀಳಿಸಬೇಕಾ, ಪ್ಯಾನೆಲ್ ಮಟ್ಟಕ್ಕೆ ಇಳಿಸಬೇಕಾ, ಅಥವಾ ವೈರ್ ಕತ್ತರಿಸಿ ಟೇಪ್ ಸುತ್ತಿ ಬಿಟ್ಟರೆ ಸಾಕಾ? ಅನುಭವ ಇರುವವರು ಹೇಳಿ.

ತಂತಿಕೆಲಸ
ಹಾಗೇ ಮುಚ್ಚಬೇಡಿ. ಇದೊಂದು ವಿಷಯದಲ್ಲಿ ಎರಡು ಮಾತಿಲ್ಲ.

ಕರೆಂಟ್ ಇರುವ ಜಾಯಿಂಟ್ ಯಾವುದೇ ಇರಲಿ, ಅದು ಕೈಗೆ ಸಿಗುವ ಜಾಗದಲ್ಲೇ ಇರಬೇಕು. ಉದ್ದಕ್ಕೆ ಹೋಗುವ ಕೇಬಲ್ ತಾನಾಗಿ ಕೆಡುವುದು ಕಮ್ಮಿ. ಕೆಡುವುದು ಸ್ಕ್ರೂ ಕೆಳಗೆ ಸಿಕ್ಕಿಸಿದ ಜಾಗ. ಬಿಸಿ ಆಗುತ್ತದೆ, ತಣ್ಣಗಾಗುತ್ತದೆ, ತಾಮ್ರ ಸಡಿಲ ಆಗುತ್ತದೆ. ಸಡಿಲ ಆದ ಕಡೆ ರೆಸಿಸ್ಟೆನ್ಸ್ ಜಾಸ್ತಿ, ಅದರಿಂದ ಬಿಸಿ ಇನ್ನೂ ಜಾಸ್ತಿ. ಎಂಸಿಬಿಗೆ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್‌ಗೆ, ಇದು ಗೊತ್ತೇ ಆಗುವುದಿಲ್ಲ. ಹರಿಯುವ ಕರೆಂಟ್ ಮಿತಿಯೊಳಗೇ ಇರುತ್ತದಲ್ಲ. ಈ ಬಿಸಿ ಒಣ ಮರದ ಪಕ್ಕದಲ್ಲಿ, ಪಿವಿಸಿ ಹಿಂದೆ, ಕಣ್ಣಿಗೆ ಕಾಣದ ಕಡೆ ಆದರೆ ಏನಾಗುತ್ತದೆ ಯೋಚಿಸಿ.

ಮೊದಲು ಒಂದು ಕೆಲಸ ಮಾಡಿ. ಮೈನ್ ಆಫ್ ಮಾಡಿ ನಾಲ್ಕೂ ಬಾಕ್ಸ್ ಬಿಚ್ಚಿ, ಒಳಗೆ ಎಷ್ಟು ಕೇಬಲ್ ಬಂದಿವೆ ನೋಡಿ. ಒಂದೇ ಬಂದಿದ್ದರೆ ಆ ಲೈನ್ ಅಲ್ಲಿಗೆ ಮುಗಿಯಿತು. ಎರಡು ಇದ್ದರೆ ಅಲ್ಲಿಂದ ಮುಂದಕ್ಕೆ ಲೂಪ್ ಹೋಗಿದೆ. ಅದು ಗೊತ್ತಾಗದೆ ಯಾವ ಸಲಹೆಯೂ ಉಪಯೋಗಕ್ಕೆ ಬರುವುದಿಲ್ಲ.

ಹತ್ತಿರದದಾರಿ
ಅಷ್ಟೊಂದು ಹೆದರಿಸಬೇಡಿ ಸರ್. ಸಾಕೆಟ್ ಬಿಚ್ಚಿ, ವೈರ್ ತುದಿಗೆ ಚೆನ್ನಾಗಿ ಟೇಪ್ ಸುತ್ತಿ, ಬಾಕ್ಸ್ ಒಳಗೆ ಮಡಚಿಟ್ಟು ಮುಚ್ಚಿದರೆ ಆಯ್ತು. ಬಳಸದ ಪಾಯಿಂಟ್‌ನಲ್ಲಿ ಲೋಡೇ ಇಲ್ಲ. ಲೋಡ್ ಇಲ್ಲದ ಮೇಲೆ ಬಿಸಿ ಎಲ್ಲಿಂದ ಬರುತ್ತದೆ? ಎಷ್ಟು ಮನೆಗಳಲ್ಲಿ ಹೀಗೇ ಇದೆ, ಎಲ್ಲ ಚೆನ್ನಾಗೇ ಇವೆ.

ತಂತಿಕೆಲಸ
@ಹತ್ತಿರದದಾರಿ ಲೂಪ್ ಇದ್ದರೆ ಆ ಜಾಯಿಂಟ್ ಮೂಲಕ ಮುಂದಿನ ಲೋಡ್ ಹರಿಯುತ್ತದೆ. ಈ ಪಾಯಿಂಟ್‌ಗೆ ಏನೂ ಚುಚ್ಚದಿದ್ದರೂ ಬಿಸಿ ಇಲ್ಲೇ ಆಗಬಹುದು. ಇನ್ನು ಟೇಪ್ ವಿಷಯ. ಮಾಡಿನ ಕೆಳಗಿನ ಸೆಕೆಗೆ ಅದರ ಅಂಟು ಕರಗಿ ಜಾರುತ್ತದೆ. ಕೆಲವು ವರ್ಷ ಆದ ಮೇಲೆ ಟೇಪ್ ಬಿಚ್ಚಿಕೊಂಡು ನೇತಾಡುತ್ತಿರುತ್ತದೆ, ತಾಮ್ರ ಹೊರಗೆ ಕಾಣುತ್ತಿರುತ್ತದೆ. ಟೇಪ್ ಒಂದನ್ನೇ ನಂಬಿ ಲೈವ್ ತುದಿ ಬಿಡುವುದು ಕೆಲಸವೇ ಅಲ್ಲ.

ಮನೆಯೊಡತಿ
ನಮ್ಮಲ್ಲಿ ಆಗಿದ್ದನ್ನು ಹೇಳುತ್ತೇನೆ. ಸೂರು ಮುಚ್ಚಿಸುವಾಗ ಒಂದು ಪಾಯಿಂಟ್ ಒಳಗೇ ಉಳಿದಿತ್ತು, ಅದನ್ನು ನಮಗೆ ಯಾರೂ ಹೇಳಿರಲೇ ಇಲ್ಲ. ಆಮೇಲೆ ಗಾಳಿಮಳೆ ಬಂದ ರಾತ್ರಿಗಳಲ್ಲಿ ಮಾತ್ರ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ಲೈನ್ ಕಡಿಯುವ ಸ್ವಿಚ್) ಬೀಳೋಕೆ ಶುರುವಾಯಿತು. ಬೆಳಿಗ್ಗೆ ಬಿಸಿಲು ಬಂದ ಮೇಲೆ ಎತ್ತಿದರೆ ಆರಾಮಾಗಿ ನಿಲ್ಲುತ್ತಿತ್ತು. ಫ್ರಿಜ್ ಅಂದರು, ಗೀಸರ್ ಅಂದರು, ಪಂಪ್ ಅಂದರು, ಒಂದೊಂದೇ ಬಿಚ್ಚಿ ನೋಡಿದ್ದೇ ಬಂತು. ಕೊನೆಗೆ ಬಂದ ಒಬ್ಬ ವೈರ್‌ಮ್ಯಾನ್ ಲೈನ್‌ಗಳನ್ನು ಬೇರೆ ಬೇರೆ ಮಾಡಿ ಮೆಗ್ಗರ್ (ವೈರ್‌ಗಳ ಇನ್ಸುಲೇಷನ್ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಮೀಟರ್) ಹಾಕಿ ನೋಡಿದ. ಹೊರಗಿನ ಲೈನ್‌ನಲ್ಲೇ ಲೀಕ್ ಅಂತ ತಿಳಿಯಿತು.

ಪ್ಯಾನೆಲ್ ಬಿಚ್ಚಿದಾಗ ಕಂಡಿದ್ದು ಹೇಳುತ್ತೇನೆ ಕೇಳಿ. ಬಾಕ್ಸ್ ತಳದಲ್ಲಿ ನೀರು ನಿಂತಿತ್ತು. ಟರ್ಮಿನಲ್ ಸ್ಕ್ರೂಗಳ ಸುತ್ತ ತಾಮ್ರ ಹಸಿರು ಪುಡಿ ಆಗಿತ್ತು. ಸಾಕೆಟ್‌ನ ಹಿಂಭಾಗ ಒಂದು ಕಡೆ ಕಂದು ಬಣ್ಣಕ್ಕೆ ತಿರುಗಿ ಸೀದ ವಾಸನೆ ಬರುತ್ತಿತ್ತು. ಆ ಗೋಡೆಯ ಒಳಗಡೆ ಮಕ್ಕಳ ಕೋಣೆ ಇದೆ. ದಯವಿಟ್ಟು ಮುಚ್ಚಬೇಡಿ.

ಹೊಸಬ
ಅಯ್ಯೋ. ನಮ್ಮ ಸೂರೂ ಮುಚ್ಚಿದ್ದೇ. ಒಳಗೆ ಏನಿದೆಯೋ ಈಗ ನೋಡಬೇಕು.

ಉಳಿಸುತ್ತಿಗೆ
ನಾನು ಸೂರಿನ ಪ್ಯಾನೆಲ್ ಕೆಲಸವನ್ನೇ ಮಾಡುವವನು. ನಮ್ಮವರಲ್ಲಿ "ಹಾಗೇ ಮುಚ್ಚಿ" ಅನ್ನುವವರು ಇದ್ದಾರೆ, ನಿಜ. ನಾನು ಮಾತ್ರ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅಂತ ಹೇಳಿ, ಅದು ಮುಗಿಯುವವರೆಗೆ ಆ ಬದಿ ಮುಟ್ಟುವುದಿಲ್ಲ. ಕಾರಣ ಸುಲಭ. ಪ್ಯಾನೆಲ್ ಹೊಡೆಯುವಾಗ ಸ್ಕ್ರೂ ಎಲ್ಲಿ ಇಳಿಯುತ್ತದೆ ಅಂತ ಕೆಳಗೆ ನಿಂತವನಿಗೆ ಕಾಣುವುದಿಲ್ಲ. ಪಕಾಸಿಯ ಕೆಳಗಿನ ಅಂಚಿಗೇ ಕ್ಲಿಪ್ ಹೊಡೆದು ಕೇಬಲ್ ಎಳೆದಿರುತ್ತಾರೆ, ನಾವು ರೀಪು ಕೂರಿಸುವುದೂ ಅದೇ ಅಂಚಿಗೆ. ಸ್ಕ್ರೂ ಕೇಬಲ್ ಸಿಪ್ಪೆಗೆ ತಾಗಿದರೂ ಆವತ್ತೇ ಗೊತ್ತಾಗುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಆಮೇಲೆ ಒದ್ದೆ ಆದಾಗ ಆಟ ಶುರು.

@ಸೂರಂಚು ಉಳಿಯುವ ಕೇಬಲ್ ಏನಾದರೂ ಇದ್ದರೆ ಪಕಾಸಿಯ ಕೆಳ ಅಂಚಿನಿಂದ ಮೇಲಕ್ಕೆ ಎತ್ತಿ ಹೊಡೆಸಿ. ಮುಚ್ಚುವ ಮುಂಚೆ ಪ್ರತಿ ಬದಿಯ ಫೋಟೋ ತೆಗೆಯಿರಿ, ಅಳತೆ ಟೇಪ್ ಹಿಡಿದು, ಮೂಲೆಯಿಂದ ಎಷ್ಟು ದೂರ ಅಂತ ಕಾಣುವ ಹಾಗೆ.

ಸೂರಂಚು
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮೈನ್ ಆಫ್ ಮಾಡಿ ನಾಲ್ಕೂ ಬಿಚ್ಚಿದೆವು. ಮೂರರಲ್ಲಿ ಎರಡೆರಡು ಕೇಬಲ್ ಇವೆ. ಕರೆಂಟ್ ಬರದ ನಾಲ್ಕನೆಯದರಲ್ಲಿ ಒಂದೇ. ಅದು ಹೇಗೂ ಸತ್ತಿದೆ, ಅದೊಂದನ್ನು ಹಾಗೇ ಬಿಡಬಹುದು ಅಲ್ವಾ?

ಮೀಟರ್‌ಮುಳ್ಳು
ಇಲ್ಲ ಇಲ್ಲ. ದೀಪ ಹತ್ತಲಿಲ್ಲ ಅಂದ ಮಾತ್ರಕ್ಕೆ ಸತ್ತಿದೆ ಅಂತ ಅರ್ಥ ಅಲ್ಲ. ನ್ಯೂಟ್ರಲ್ ಎಲ್ಲೋ ಕಡಿದುಹೋಗಿ ಫೇಸ್ ಹಾಗೇ ಬರುತ್ತಿದ್ದರೂ ದೀಪ ಹತ್ತುವುದಿಲ್ಲ. ಆದರೆ ಕೈ ಇಟ್ಟರೆ ಹೊಡೆಯುತ್ತದೆ. ಕೆಟ್ಟುಹೋದ ಪಾಯಿಂಟ್‌ಗಳಲ್ಲಿ ನನಗೆ ಹೆಚ್ಚು ಭಯ ಇರುವುದು ಇದೇ.

ಅಳೆಯುವ ಕ್ರಮ ಹೇಳುತ್ತೇನೆ. ಮೊದಲು ಮೀಟರನ್ನು ಕರೆಂಟ್ ಇದೆ ಅಂತ ಗೊತ್ತಿರುವ ಒಂದು ಪಾಯಿಂಟ್‌ನಲ್ಲಿ ಇಟ್ಟು ನೋಡಿ. ಆಮೇಲೆ ನಿಮ್ಮ ಬಾಕ್ಸ್‌ನಲ್ಲಿ ಫೇಸ್‌ನಿಂದ ನ್ಯೂಟ್ರಲ್, ಫೇಸ್‌ನಿಂದ ಅರ್ಥ್, ನ್ಯೂಟ್ರಲ್‌ನಿಂದ ಅರ್ಥ್ ಮೂರನ್ನೂ ಅಳೆಯಿರಿ. ಕೊನೆಗೆ ಮತ್ತೆ ಮೊದಲಿನ ಪಾಯಿಂಟ್‌ಗೆ ಹೋಗಿ ಮೀಟರ್ ಇನ್ನೂ ಕೆಲಸ ಮಾಡುತ್ತಿದೆಯಾ ಅಂತ ಖಾತ್ರಿ ಮಾಡಿ. ಬರೀ ಸ್ಕ್ರೂಡ್ರೈವರ್ ಟೆಸ್ಟರ್ ನಂಬಿ ವೈರ್ ಮುಟ್ಟಬೇಡಿ. ವೈರ್ ಹತ್ತಿರ ಹಿಡಿದರೆ ಕಿರುಚುವ ಟೆಸ್ಟರ್ ಕೂಡ ಅಷ್ಟೇ, ಅದು ಸುಮ್ಮನಿದೆ ಅಂದರೆ ಕರೆಂಟ್ ಇಲ್ಲ ಅಂತ ತಿಳಿಯಬಾರದು.

ತಂತಿಕೆಲಸ
ಮೀಟರ್‌ಮುಳ್ಳು ಹೇಳಿದ್ದು ನೂರಕ್ಕೆ ನೂರು ಸರಿ. ಇನ್ನೊಂದು ಸೇರಿಸುತ್ತೇನೆ. ಒಂದೇ ಬಾಕ್ಸ್‌ಗೆ ಬಂದ ಎರಡು ಕೇಬಲ್ ಎರಡು ಬೇರೆ ಎಂಸಿಬಿಯಿಂದ ಬಂದಿರಲೂಬಹುದು. ಹಾಗಾಗಿ ಒಂದು ಎಂಸಿಬಿ ಇಳಿಸಿ ಕೈ ಹಾಕಬೇಡಿ. ನ್ಯೂಟ್ರಲ್ ಬಗ್ಗೆಯೂ ಹುಷಾರು. ಹಳೇ ಕೆಲಸಗಳಲ್ಲಿ ಒಂದು ಸರ್ಕ್ಯೂಟ್‌ನ ನ್ಯೂಟ್ರಲ್ ಅನ್ನು ಇನ್ನೊಂದು ಸರ್ಕ್ಯೂಟ್‌ಗೆ ಎರವಲು ಕೊಟ್ಟಿರುತ್ತಾರೆ. ಅಂಥದ್ದನ್ನು ಬಿಚ್ಚಿದ ಕೂಡಲೇ, ಲೋಡ್ ಕಡೆಯ ತುದಿಯಲ್ಲಿ ಪೂರ್ತಿ ವೋಲ್ಟೇಜ್ ಬಂದು ಕೂರುತ್ತದೆ. ಇಲ್ಲಿ ಮನೆಯವರು ನೋಡುವುದು, ಫೋಟೋ ತೆಗೆಯುವುದು ಸರಿ. ಬಿಚ್ಚಿ ಜೋಡಿಸುವುದನ್ನು ಲೈಸೆನ್ಸ್ ಇರುವವರ ಕೈಲಿ ಮಾಡಿಸಿ.

ನಿಮ್ಮದು ಲೂಪ್ ಲೈನ್ ಅಂತ ಕಾಣುತ್ತದೆ. ಡಿಬಿಯಿಂದಲೋ (ಎಂಸಿಬಿಗಳಿರುವ ಡಬ್ಬಿ), ಅಟ್ಟದ ಜಂಕ್ಷನ್ ಬಾಕ್ಸ್‌ನಿಂದಲೋ ಹೊರಟು ಒಂದು, ಎರಡು, ಮೂರು, ನಾಲ್ಕು ಅಂತ ಹೋಗಿದೆ. ಅದರ ಬೇರು ಸಿಕ್ಕರೆ ಕೆಲಸ ಅರ್ಧ ಮುಗಿದ ಹಾಗೆ. ಮನೆಯೊಳಗೆ ಯಾವುದಕ್ಕೂ ಕೆಲಸ ಮಾಡದ ಒಂದು ಅನಾಥ ಸ್ವಿಚ್ ಇದೆಯಾ ನೋಡಿ. ಅಲಂಕಾರದ ದೀಪದ ಲೈನ್‌ಗೆ ಒಳಗೆ ಸ್ವಿಚ್ ಕೊಟ್ಟಿರುವುದು ಮಾಮೂಲು.

ಸೂರಂಚು
ಇದೆ! ಮುಂಬಾಗಿಲ ಪಕ್ಕದಲ್ಲಿ ಒಂದು ಸ್ವಿಚ್ ಇದೆ. ಅದು ಯಾತಕ್ಕೆ ಅಂತ ನಮಗೆ ಇವತ್ತಿನವರೆಗೂ ಗೊತ್ತಿರಲಿಲ್ಲ. ಅದನ್ನು ಆಫ್ ಮಾಡಿದರೆ ಮೂರು ಪಾಯಿಂಟ್‌ಗಳ ಕರೆಂಟೂ ಹೋಗುತ್ತದೆ.

ಹತ್ತಿರದದಾರಿ
ಮತ್ತೇನು, ಆ ಸ್ವಿಚ್ ಆಫ್ ಮಾಡಿಟ್ಟು ಸೂರು ಮುಚ್ಚಿಬಿಡಿ. ಮುಗೀತು ಕಥೆ.

ಮನೆಯೊಡತಿ
ಮನೆಗೆ ಬಂದ ಯಾವ ಮಗುವಾದರೂ ಆ ಸ್ವಿಚ್ ಒತ್ತಬಹುದಲ್ವಾ? ನಾಳೆ ಮನೆ ಬೇರೆಯವರ ಕೈಗೆ ಹೋದರೆ ಅವರಿಗೆ ಯಾರು ಹೇಳುತ್ತಾರೆ? ಸ್ವಿಚ್ ನಂಬಿ ಒಳಗೆ ಬರಿ ವೈರ್ ಬಿಡೋಕೆ ಆಗುತ್ತಾ?

ತಂತಿಕೆಲಸ
ಸ್ವಿಚ್ ಮುರಿಯುವುದು ಫೇಸ್ ಒಂದನ್ನೇ. ನ್ಯೂಟ್ರಲ್ ಸೇರಿಕೊಂಡೇ ಇರುತ್ತದೆ. ತಪ್ಪಾಗಿ ವೈರಿಂಗ್ ಮಾಡಿ ಸ್ವಿಚ್ಚನ್ನು ನ್ಯೂಟ್ರಲ್ ಮೇಲೆ ಹಾಕಿದ್ದರಂತೂ ಸ್ವಿಚ್ ಆಫ್ ಇದ್ದರೂ ಫೇಸ್ ಅಲ್ಲೇ ಇರುತ್ತದೆ. ಸ್ವಿಚ್ ಇರುವುದು ದಿನಾ ಹಾಕಿ ತೆಗೆಯೋಕೆ, ಲೈನ್ ಶಾಶ್ವತವಾಗಿ ಕಡಿಯೋಕೆ ಅಲ್ಲ.

ಮೀಟರ್‌ಮುಳ್ಳು
ನಿಯಮದ ವಿಷಯವೂ ಇಲ್ಲಿ ಬರಲಿ, "ಸುಮ್ನೆ ಹೆದರಿಸುತ್ತಾರೆ" ಅನ್ನುವವರಿಗಾಗಿ. ಅಮೆರಿಕದ ವೈರಿಂಗ್ ನಿಯಮಾವಳಿ ಎನ್‌ಇಸಿಯಲ್ಲಿ 314.29 ಅಂತ ಒಂದು ನಿಯಮ ಇದೆ. ಕಟ್ಟಡದ ಯಾವ ಭಾಗವನ್ನೂ ಕಿತ್ತುಹಾಕದೆ ಬಾಕ್ಸ್ ಒಳಗಿನ ವೈರಿಂಗ್ ಕೈಗೆ ಸಿಗಬೇಕು ಅನ್ನುತ್ತದೆ. ಬ್ರಿಟನ್ನಿನ ವೈರಿಂಗ್ ನಿಯಮಾವಳಿ ಬಿಎಸ್ 7671ರಲ್ಲಿ 526.3 ಕೂಡ ಜಾಯಿಂಟ್‌ಗಳು ತಪಾಸಣೆಗೆ ಸಿಗಬೇಕು ಅನ್ನುತ್ತದೆ. ಅದರಲ್ಲಿ ಕೆಲವು ವಿನಾಯಿತಿ ಇವೆ. ಬೆಸುಗೆ ಹಾಕಿದ್ದು, ಸರಿಯಾದ ಟೂಲ್‌ನಿಂದ ಒತ್ತಿದ ಕ್ರಿಂಪ್, ರಾಳ ತುಂಬಿ ಮುಚ್ಚಿದ ಜಾಯಿಂಟ್, ನಿರ್ವಹಣೆ ಬೇಡ ಅಂತ "ಎಂಎಫ್" ಗುರುತು ಹಾಕಿದ ವಿಶೇಷ ಬಾಕ್ಸ್, ಇಂಥವು. ಸ್ಕ್ರೂ ಟರ್ಮಿನಲ್ ಇರುವ ಮಾಮೂಲು ಸಾಕೆಟ್ ಈ ಪಟ್ಟಿಯಲ್ಲಿ ಬರುವುದಿಲ್ಲ. ಟೇಪ್ ಸುತ್ತಿದ ತುದಿಯಂತೂ ಖಂಡಿತ ಬರುವುದಿಲ್ಲ. ನಿಮ್ಮ ಊರಿನ ನಿಯಮ ಏನು ಅಂತ ನಿಮ್ಮ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ.

ಹತ್ತಿರದದಾರಿ
ಸರಿ, ಲೈವ್ ವೈರ್ ವಿಷಯ ಒಪ್ಪಿದೆ. ಆದರೆ ಎರಡೂ ತುದಿ ಕಡಿದ ಮೇಲೆ ಕೇಬಲ್ ಒಳಗೆ ಬಿಟ್ಟರೆ ಏನು ತಪ್ಪು? ಅದನ್ನೂ ಎಳೆದು ತೆಗೆಯಲೇಬೇಕು ಅಂದರೆ ಗೋಡೆ ಒಡೆಯಬೇಕಾಗುತ್ತದೆ.

ತಂತಿಕೆಲಸ
ಈ ಮಾತು ಸರಿ. ಎರಡೂ ತುದಿ ಎಲ್ಲಿಗೂ ಸೇರಿಲ್ಲ ಅಂತ ಖಾತ್ರಿ ಆದ ಮೇಲೆ ಅದು ಬರೀ ತಾಮ್ರದ ದಾರ. ಬಿಡಬಹುದು. ಆದರೆ ಬೇರಿನ ಕಡೆ ಕಡಿಯಬೇಕು, ಸೂರಿನ ಕಡೆ ಮಾತ್ರ ಅಲ್ಲ. ಸೂರಿನ ಕಡೆ ಮಾತ್ರ ಕಡಿದು ಬಿಟ್ಟರೆ ಅದು ಒಳಗೆ ಮಲಗಿದ ಹಾವು. ಎರಡೂ ತುದಿಗೆ ಕ್ಯಾಪ್ ಹಾಕಿ. ಅಟ್ಟದ ಬಾಕ್ಸ್ ಹತ್ತಿರ "ಬಳಕೆಯಲ್ಲಿಲ್ಲ, ಸೂರಿನ ಹಳೇ ಲೈನ್" ಅಂತ ಬರೆದ ಚೀಟಿ ಕಟ್ಟಿ. ಇಲ್ಲದಿದ್ದರೆ ನಾಳೆ ಯಾರೋ ಒಬ್ಬ ಬಂದು, ಇದು ಯಾವುದೋ ಬಿಟ್ಟುಹೋಗಿದೆ ಅಂತ ಮತ್ತೆ ಸೇರಿಸಿಬಿಡುತ್ತಾನೆ.

ಎಳೆದರೆ ಬರುವಷ್ಟು ಸಡಿಲ ಇದ್ದರೆ ಮಾತ್ರ ಎಳೆದು ತೆಗೆಯಿರಿ. ಕ್ಲಿಪ್ ಹೊಡೆದಿರುವುದು ಪಕಾಸಿಗೆ, ಸೂರು ಇನ್ನೂ ತೆರೆದಿದೆ. ಅಂದರೆ ನಿಮಗೆ ಇದೇ ಸರಿಯಾದ ಸಮಯ.

ಗಾಳಿಬೆಳಕು
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳಲೇಬೇಕು. ಸೂರು ಪೂರ್ತಿ ಮುಚ್ಚಿಸುತ್ತಿದ್ದೀರಾ ಅಥವಾ ತೂತಿರುವ ಪ್ಯಾನೆಲ್ ಹಾಕಿಸುತ್ತಿದ್ದೀರಾ? ತಂಪು ಗಾಳಿ ಸೂರಿನಿಂದ ಒಳಗೆ ಹೋಗಿ ಬಿಸಿ ಗಾಳಿ ಮಾಡಿನ ನೆತ್ತಿಯಿಂದ ಹೊರಗೆ ಹೋಗಬೇಕು. ಕೆಳಗಿನ ದಾರಿ ಮುಚ್ಚಿದರೆ ಅಟ್ಟದಲ್ಲಿ ತೇವ ನಿಲ್ಲುತ್ತದೆ, ಮರ ಬೂಷ್ಟು ಹಿಡಿಯುತ್ತದೆ. ಅಟ್ಟದ ನೆಲದ 150 ಚದರ ಅಡಿಗೆ 1 ಚದರ ಅಡಿ ಗಾಳಿದಾರಿ ಅನ್ನುವುದು ಸಾಮಾನ್ಯ ಲೆಕ್ಕ. ಮೇಲೆ ಕೆಳಗೆ ಎರಡೂ ಕಡೆ ಸರಿಯಾಗಿ ಹಂಚಿದ್ದರೆ 300ಕ್ಕೆ 1 ಸಾಕು. ಆ ತೇವ ನಿಮ್ಮ ಜಂಕ್ಷನ್ ಬಾಕ್ಸ್‌ಗೂ ಹೋಗುತ್ತದೆ.

ಗುಬ್ಬಿಗೂಡು
ತೂತಿರುವ ಪ್ಯಾನೆಲ್ ಹಾಕಿದರೆ ಒಳಗಿನಿಂದ ಸಣ್ಣ ಜಾಲರಿ ಕೊಡಿಸಿ. ಕಣಜಗಳು ಒಳಗೆ ಹೋಗಿ ಗೂಡು ಕಟ್ಟಿದರೆ ಯಾರೂ ಏಣಿ ಹತ್ತೋಕೆ ಒಪ್ಪುವುದಿಲ್ಲ. ನಮ್ಮ ಸೂರಿನ ಒಂದು ಬಾಕ್ಸ್ ಬಿಚ್ಚಿದಾಗ ಒಳಗೆ ಪೂರ್ತಿ ಮಣ್ಣು ತುಂಬಿತ್ತು, ಕಣಜ ಕಟ್ಟಿದ ಮಣ್ಣು. ಕೇಬಲ್ ಬರುವ ತೂತಿಗೆ ಗ್ಲ್ಯಾಂಡ್ (ಕೇಬಲ್ ಸುತ್ತ ಸಂದಿ ಮುಚ್ಚುವ ಬಿರಡೆ) ಹಾಕಿರಲಿಲ್ಲ, ಅಷ್ಟೇ ಕಾರಣ.

ಉಳಿಸುತ್ತಿಗೆ
@ಗಾಳಿಬೆಳಕು ಒಳ್ಳೆ ಮಾತು ಹೇಳಿದಿರಿ. ಕೆಲವರು ಸೂರಿನೊಳಗೆ ಸೆಕೆ ತಡೆಯೋಕೆ ಥರ್ಮೋಕೋಲ್ ಹಾಳೆಯನ್ನೂ ತುಂಬಿಸುತ್ತಾರೆ. ಪಿವಿಸಿ ಸಿಪ್ಪೆಯ ಕೇಬಲ್ ಥರ್ಮೋಕೋಲ್‌ಗೆ ತಾಗಿಕೊಂಡಿರಬಾರದು. ಸಿಪ್ಪೆಯೊಳಗಿನ ಮೆದು ಮಾಡುವ ಪದಾರ್ಥ ಥರ್ಮೋಕೋಲ್‌ಗೆ ಇಳಿದು, ಸಿಪ್ಪೆ ಗಡುಸಾಗಿ ಬಿರಿಯುತ್ತದೆ.

ಸೂರಂಚು
ತೂತಿರುವ ಪ್ಯಾನೆಲ್‌ಗೇ ಹೇಳಿದ್ದೇವೆ. ಜಾಲರಿ ಮರೆತಿದ್ದೆವು, ಸೇರಿಸುತ್ತೇವೆ.

ಇವತ್ತು ಎಲೆಕ್ಟ್ರಿಷಿಯನ್ ಬಂದಿದ್ದರು. ಬೇರು ಅಟ್ಟದ ಜಂಕ್ಷನ್ ಬಾಕ್ಸ್‌ನಲ್ಲಿ ಸಿಕ್ಕಿತು. ನಾಲ್ಕನೆಯದರ ಬಗ್ಗೆ ಮೀಟರ್‌ಮುಳ್ಳು ಹೇಳಿದ್ದೇ ನಿಜ. ಫೇಸ್ ಬರುತ್ತಿತ್ತು, ನ್ಯೂಟ್ರಲ್ ಇರಲಿಲ್ಲ. ಮೂರನೆಯ ಬಾಕ್ಸ್‌ನಲ್ಲಿ ನ್ಯೂಟ್ರಲ್ ಸ್ಕ್ರೂ ತುಕ್ಕು ಹಿಡಿದು, ವೈರ್ ತುದಿ ಕಪ್ಪಾಗಿ ಮುರಿದು ಬಿದ್ದಿತ್ತು. ಸತ್ತಿದೆ ಅಂತ ಮುಚ್ಚಿದ್ದರೆ ಲೈವ್ ಸಾಕೆಟ್ಟೇ ಒಳಗೆ ಇರುತ್ತಿತ್ತು.

ಈಗ ಮನೆಯಲ್ಲಿ ಚರ್ಚೆ ನಡೆಯುತ್ತಿದೆ. ನಾಲ್ಕನ್ನೂ ತೆಗೆಸೋಣ ಅಂತ ನಾನು. ಮುಂಬಾಗಿಲ ಹತ್ತಿರದ ಮೊದಲನೆಯದನ್ನು ಕ್ಯಾಮೆರಾಗೆ ಉಳಿಸೋಣ ಅಂತ ಅಪ್ಪ. ಏನಂತೀರಿ?

ಹೊಸಬ
ಅಪ್ಪ ಹೇಳಿದ್ದೇ ಸರಿ. ಮುಚ್ಚಿದ ಮೇಲೆ ಅಲ್ಲಿಗೆ ಹೊಸ ಲೈನ್ ಎಳೆಯೋದು ದೊಡ್ಡ ತಲೆನೋವು.

ಮನೆಯೊಡತಿ
ನಾನಾದರೆ ಎಲ್ಲ ತೆಗೆಸುತ್ತೇನೆ. ಕ್ಯಾಮೆರಾಗೆ ಕರೆಂಟನ್ನು ನೆಟ್‌ವರ್ಕ್ ಕೇಬಲ್‌ನಲ್ಲೇ ಕೊಡಬಹುದು, ಅದರ ವೋಲ್ಟೇಜ್ ಕಮ್ಮಿ.

ತಂತಿಕೆಲಸ
ಮೊದಲನೆಯದನ್ನು ಉಳಿಸುವುದು ನಿಮಗೆ ಸುಲಭ, ಬೇರಿಗೆ ಅದೇ ಹತ್ತಿರ. ಅಲ್ಲಿಂದ ಮುಂದಿನ ಕೇಬಲ್ ಕಡಿದು ಮೂರನ್ನೂ ಪೂರ್ತಿ ತೆಗೆಸಿ. ಉಳಿಸುವುದನ್ನು ಮಾತ್ರ ಸರಿಯಾಗಿ ಮಾಡಿ. ಹಳೇ ಸಾಕೆಟ್ ಬಿಸಾಡಿ, ಹೊರಗೆ ಬಳಸೋಕೆ ಅಂತಲೇ ಇರುವ, ಮುಚ್ಚಳ ಮತ್ತು ಗ್ಯಾಸ್ಕೆಟ್ ಇರುವ ಹೊಸದು ಹಾಕಿಸಿ. ಸೂರಿನಡಿ ನೇರ ಮಳೆ ಬೀಳದಿದ್ದರೂ ಗಾಳಿ ಹೊಡೆದಾಗ ಎರಚಲು ಬರುತ್ತದೆ. ಐಪಿ44 ಅಂದರೆ ಎಲ್ಲ ಕಡೆಯಿಂದ ಚಿಮ್ಮುವ ನೀರಿಗೆ ತಡೆ, ಐಪಿ55 ಆದರೆ ಪೈಪಿನಿಂದ ನೀರು ಬಿಟ್ಟರೂ ತಡೆಯುತ್ತದೆ. ಪ್ಲಗ್ ಚುಚ್ಚಿಕೊಂಡೇ ಇರುತ್ತದೆ ಅಂದರೆ, ಚುಚ್ಚಿದ ಮೇಲೂ ಮುಚ್ಚಿಕೊಳ್ಳುವ ಉಬ್ಬಿದ ಮುಚ್ಚಳ ಬೇಕು. ಲೈನ್ 30 ಮಿಲಿಆಂಪ್ ಆರ್‌ಸಿಸಿಬಿ ಹಿಂದೆ ಇದೆಯಾ ಅಂತಲೂ ನೋಡಿ.

ಏನೂ ಚುಚ್ಚುವುದಿಲ್ಲ, ಜಾಯಿಂಟ್ ಮಾತ್ರ ಉಳಿಯಬೇಕು ಅಂದರೆ ಸಾಕೆಟ್ ಬದಲು ಬ್ಲ್ಯಾಂಕ್ ಪ್ಲೇಟ್ ಹಾಕಿ. ಪ್ಲೇಟ್ ಕಣ್ಣಿಗೆ ಕಾಣಬೇಕು. ಅದರ ಮೇಲೆ ಪ್ಯಾನೆಲ್ ಬರಬಾರದು.

ಉಳಿಸುತ್ತಿಗೆ
ಇಳಿಸುವ ಕೆಲಸ ನಮ್ಮ ಕಡೆಯಿಂದ ಹೀಗೆ. ಬಾಕ್ಸ್ ಅನ್ನು ಪಿವಿಸಿ ಪ್ಯಾನೆಲ್‌ಗೆ ನೇತುಹಾಕಬೇಡಿ. ಅದು ತೆಳು, ಬಿಸಿಲಿಗೆ ಹಿಗ್ಗಿ ಕುಗ್ಗುತ್ತದೆ, ಪ್ಲಗ್ ಎಳೆದಾಗ ಜೊತೆಗೇ ಬರುತ್ತದೆ. ಎರಡು ಪಕಾಸಿಗಳ ನಡುವೆ ಅಡ್ಡಕ್ಕೆ ಗಟ್ಟಿ ರೀಪು ಕೊಟ್ಟು ಬಾಕ್ಸನ್ನು ಅದಕ್ಕೆ ಕೂರಿಸಿ. ಬಾಕ್ಸ್ ಬಾಯಿ ಪ್ಯಾನೆಲ್ ಮಟ್ಟಕ್ಕೆ ಬರಬೇಕು. ಮೇಲೆ ಉಳಿದು ಉದ್ದ ಸ್ಕ್ರೂನಿಂದ ಸಾಕೆಟ್ ಮಾತ್ರ ಕೆಳಗೆ ಬಂದರೆ ಆಗದು, ನಡುವೆ ಉಳಿದ ಸಂದಿಯಿಂದ ಕಿಡಿ ಸೀದಾ ಮರದ ಕಡೆ ಹೋಗುತ್ತದೆ. ಸ್ವಲ್ಪ ಕಮ್ಮಿ ಬಿದ್ದರೆ ಬಾಕ್ಸ್ ಆಳ ಹೆಚ್ಚಿಸುವ ರಿಂಗ್ ಸಿಗುತ್ತದೆ. ನಿಮ್ಮದು ಒಂದು ಗೇಣು ಅಂತರ, ಅದಕ್ಕೆ ರಿಂಗ್ ಸಾಲದು. ಬಾಕ್ಸ್ ಇಳಿಸಲೇಬೇಕು.

ಕೇಬಲ್ ಅಷ್ಟುದ್ದ ಇದೆಯಾ ಅಂತ ಮೊದಲೇ ನೋಡಿ. ಸಾಲದೆ ಹೋದರೆ ಮಧ್ಯದಲ್ಲಿ ಜಾಯಿಂಟ್ ಹಾಕಿ ಒಳಗೆ ಮುಚ್ಚುವುದಲ್ಲ, ಅಟ್ಟದಿಂದ ಹೊಸ ತುಂಡು ಎಳೆಸಿ.

ಸೂರಂಚು
ಹಾಗಾದರೆ ಮೊದಲನೆಯದು ಉಳಿಯಿತು, ಮೂರು ಹೋದವು. ಆ ಕೇಬಲ್ ಬಹುತೇಕ ಹೊರಗೆ ಬಂತು. ಮೂಲೆಯಲ್ಲಿ ಗೋಡೆಯೊಳಗೆ ಹೋದ ಒಂದು ತುಂಡು ಮಾತ್ರ ಬರುತ್ತಿಲ್ಲ. ಎರಡೂ ತುದಿ ಬಿಡಿಸಿದೆ, ಆದರೂ ಡಿಜಿಟಲ್ ಮೀಟರ್ 40 ವೋಲ್ಟ್ ಹತ್ತಿರ ತೋರಿಸುತ್ತಿದೆ! ಇದೇನಿದು?

ಮೀಟರ್‌ಮುಳ್ಳು
ಪಕ್ಕದಲ್ಲೇ ಬೇರೆ ಲೈವ್ ಕೇಬಲ್ ಓಡುತ್ತಿರಬೇಕು. ಅದರಿಂದ ಕೆಪಾಸಿಟೆನ್ಸ್ ಮೂಲಕ ಇದಕ್ಕೆ ಸ್ವಲ್ಪ ವೋಲ್ಟೇಜ್ ಹತ್ತುತ್ತದೆ. ಡಿಜಿಟಲ್ ಮೀಟರ್‌ನ ಒಳ ರೆಸಿಸ್ಟೆನ್ಸ್ ತುಂಬಾ ಜಾಸ್ತಿ, ಮಾಮೂಲಾಗಿ 10 ಮೆಗಾಓಮ್ ಹತ್ತಿರ. ಅದಕ್ಕೇ ಇಷ್ಟು ಸಣ್ಣದನ್ನೂ ಹಿಡಿದು ತೋರಿಸುತ್ತದೆ. ಆದರೆ ಇದು ಸುಳ್ಳು ವೋಲ್ಟೇಜ್ ಅಂತ ಊಹೆ ಮಾಡಿ ಬಿಡಬೇಡಿ. ಕಮ್ಮಿ ರೆಸಿಸ್ಟೆನ್ಸ್‌ನಲ್ಲಿ ಅಳೆಯುವ ಟೆಸ್ಟರ್‌ನಿಂದ ನಿಮ್ಮ ಎಲೆಕ್ಟ್ರಿಷಿಯನ್ ಮತ್ತೆ ನೋಡಲಿ. ಸುಳ್ಳಾಗಿದ್ದರೆ ಸೊನ್ನೆ ಹತ್ತಿರ ಬೀಳುತ್ತದೆ. ಬೀಳದಿದ್ದರೆ ಎಲ್ಲೋ ಇನ್ನೊಂದು ಕಡೆ ಸೇರಿದೆ ಅಂತಲೇ ಅರ್ಥ. ಆಗ ಹುಡುಕಲೇಬೇಕು.

ಸೂರಂಚು
ನೋಡಿಸಿದೆ, ಸೊನ್ನೆಗೆ ಬಿತ್ತು. ಎರಡೂ ತುದಿಗೆ ಕ್ಯಾಪ್ ಹಾಕಿ ಚೀಟಿ ಕಟ್ಟಿದ್ದಾರೆ. ಉಳಿದ ಲೈನ್‌ಗೆ 500 ವೋಲ್ಟ್ ಮೆಗ್ಗರ್ ಹಾಕಿ ನೋಡಿದರು. 1 ಮೆಗಾಓಮ್‌ಗಿಂತ ಕಮ್ಮಿ ಇರಬಾರದಂತೆ, ನಮ್ಮದು ತುಂಬಾ ಮೇಲೆ ಬಂತು. ಪ್ಯಾನೆಲ್ ಹೊಡೆದು ಮುಗಿದ ಮೇಲೆ ಇನ್ನೊಂದು ಸಲ ಹಾಕಿ ನೋಡುತ್ತಾರೆ. ಯಾವುದಾದರೂ ಸ್ಕ್ರೂ ತಾಗಿದ್ದರೆ ಆಗಲೇ ಸಿಗುತ್ತದೆ ಅಂದರು.

ಉಳಿಸುತ್ತಿಗೆ
ಕೊನೆಗೆ ಮತ್ತೆ ಅಳೆಯುವುದು ತುಂಬಾ ಒಳ್ಳೆಯದು. ಇದನ್ನು ಎಲ್ಲರೂ ಮಾಡಿಸಬೇಕು.

ಹೊಸಬ
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಸೂರಿಗೆ ಹಾಕಿರುವುದು ಅಲ್ಯೂಮಿನಿಯಂ ಪ್ಯಾನೆಲ್. ಒಂದು ಪ್ಯಾನೆಲ್ ಸರಿಸಿ ಟಾರ್ಚ್ ಬಿಟ್ಟು ನೋಡಿದೆ. ಒಳಗೆ ಒಂದು ಹಳೇ ಬಾಕ್ಸ್ ಇದೆ, ಮುಚ್ಚಳ ಇಲ್ಲ. ಕೇಬಲ್ ಪ್ಯಾನೆಲ್ ಅಂಚಿನ ಮೇಲೇ ಮಲಗಿದೆ. ಏನು ಮಾಡಲಿ?

ತಂತಿಕೆಲಸ
ಆ ಲೈನ್‌ನ ಎಂಸಿಬಿ ಯಾವುದು ಅಂತ ಗೊತ್ತಾಗುವವರೆಗೆ ಪ್ಯಾನೆಲ್ ಮುಟ್ಟಬೇಡಿ, ಲೋಹದ ಏಣಿ ಒರಗಿಸಬೇಡಿ. ಅಲ್ಯೂಮಿನಿಯಂ ಅಂಚು ಚಾಕುವಿನಷ್ಟೇ ಹರಿತ, ಗಾಳಿಗೆ ಅಲ್ಲಾಡಿ ಅಲ್ಲಾಡಿ ಕೇಬಲ್ ಸಿಪ್ಪೆ ಕೊರೆಯುತ್ತದೆ. ಕೊರೆದ ದಿನ ಆ ಬದಿಯ ಪ್ಯಾನೆಲ್‌ಗಳಿಗೆಲ್ಲ ಕರೆಂಟ್ ಬರಬಹುದು. ಮೈನ್ ಆಫ್ ಮಾಡಿ, ಇವತ್ತೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಬಂದವರಿಗೆ ಎರಡು ಕೆಲಸ ಹೇಳಿ: ಬಾಕ್ಸನ್ನು ಬೇರಿನಿಂದ ಕಡಿಸುವುದು, ಉಳಿಯುವ ಕೇಬಲ್ ಇದ್ದರೆ ಅದನ್ನು ಅಂಚಿನಿಂದ ಮೇಲೆತ್ತಿ ಪೈಪಿನೊಳಗೆ ಹಾಕಿಸುವುದು. ಲೋಹದ ಪ್ಯಾನೆಲ್‌ಗೆ ಅರ್ಥ್ ಕೊಡಬೇಕಾ ಅಂತಲೂ ಅವರೇ ಅಳೆದು ಹೇಳಲಿ.

ಹೊಸಬ
ಆಫ್ ಮಾಡಿದೆ ಸರ್. ಸಂಜೆಗೆ ಬರುತ್ತೇನೆ ಅಂದಿದ್ದಾರೆ.